ತೊಲೆಯ ಮೇಲಿನ ಗುರುತು

ಹೊಳೆ ದಂಡೆಯ ಹಾಳು ಮನೆಯೊಂದನ್ನು ಗುರುಗಳು ಆಶ್ರಮ ಮಾಡಿಕೊಂಡು ಒಂದು ವರ್ಷವಾಗಿತ್ತು. ಮನೆ ಹೇಗೋ ರಿಪೇರಿಯಾಯಿತು. ಪಕ್ಕದ ಗಾಡಿ ಶೆಡ್ಡು ಮಾತ್ರ ಇವತ್ತೋ ನಾಳೆಯೋ ಎನ್ನುವಂತೆ ವಾಲಿ ನಿಂತಿತ್ತು.

ಆಶ್ರಮದ ವ್ಯಾನು ಬಿಸಿಲಲ್ಲಿ ಒಣಗುತ್ತಿತ್ತು. ಅಕ್ಕಿ ಮೂಟೆ, ಏಣಿ, ಹಂಡೆಗಳೆಲ್ಲ ಧ್ಯಾನದ ಕೋಣೆ ಸೇರಿದ್ದವು. ಕಣ್ಣು ಮುಚ್ಚಿ ಕೂತವರ ಮೂಗಿಗೆ ಬೆಲ್ಲದ ವಾಸನೆ ಬಡಿಯುತ್ತಿತ್ತು.

"ಶೆಡ್ಡು ಕೆಡವಿ ಹೊಸದು ಕಟ್ಟೋಣ," ಎಂದರು ಗುರುಗಳು. "ಮುಂದೆ ವ್ಯಾನಿಗೆ ಜಾಗ, ಹಿಂದೆ ಒಂದು ಉಗ್ರಾಣ."

ಶಿಷ್ಯ ವಿರೂಪಾಕ್ಷನ ಎದೆ ಹಿಗ್ಗಿತು. ಉಗ್ರಾಣವೆಂದರೆ ಬೀಗ, ಬೀಗವೆಂದರೆ ಬೀಗದ ಕೈ. ಆಶ್ರಮಕ್ಕೂ ಮುಂಚಿನಿಂದ ಏಳು ವರ್ಷ ಸೇವೆ ಮಾಡಿದವನ ಮೇಲೆ ಅಷ್ಟು ನಂಬಿಕೆ ಇಡಬಾರದೇ? ಅವತ್ತೇ ಪೇಟೆಗೆ ಹೋಗಿ ಅಂಗೈಯಗಲದ ಬೀಗ ತಂದು ಗುರುಗಳ ಮುಂದಿಟ್ಟ.

ಗುರುಗಳು ಬೀಗವನ್ನು ನೋಡಿದರು, ಅವನನ್ನೂ ನೋಡಿದರು. "ಮೊದಲು ಬಾಗಿಲು ಆಗಲಿ," ಎಂದರು.

ಕೆಲಸಕ್ಕೆ ಬಂದವನು ಊರಿನ ಬಡಗಿ ಮೌನೇಶಾಚಾರಿ. ಹಳೇ ಶೆಡ್ಡು ಬಿಚ್ಚಿದಾಗ ಒಳಗಿದ್ದದ್ದೆಲ್ಲ ಸಾಗುವಾನಿ ತೊಲೆ.

"ಗುರುಗಳೇ, ಈ ಆಚಾರ್ರು ಹೇಗೆ?" ಎಂದು ಕೇಳಿದ ವಿರೂಪಾಕ್ಷ.

"ಮರ ಚೆನ್ನಾಗಿ ಬಲ್ಲವರು."

"ನನಗೆ ಅದೇ ಭಯ. ಒಳ್ಳೇ ಮರ ಯಾವುದು ಅಂತ ಅವರಿಗೆ ಗೊತ್ತು."

ಗುರುಗಳು ಜಪಮಾಲೆ ಕೈಗೆತ್ತಿಕೊಂಡರು.

ವಿರೂಪಾಕ್ಷ ಡಾಂಬರು ತಂದು, ಯಾರೂ ಇಲ್ಲದಾಗ, ಒಂದೊಂದು ತೊಲೆಗೂ ಗುರುತು ಹಾಕಿದ. ಒಂದು ಸುತ್ತು, ನಡುವೆ ಒಂದು ಚುಕ್ಕಿ. ಇನ್ನು ಆಚಾರಿ ತೊಲೆ ಬದಲಾಯಿಸಲಿ ನೋಡೋಣ ಎಂದುಕೊಂಡ.

ಅಂದಿನಿಂದ ಜಪದ ಹೊತ್ತಿನಲ್ಲೂ ಅವನ ಕಿವಿ ಶೆಡ್ಡಿನ ಕಡೆಗೇ. ಆಚಾರಿ ಹಾಡು ಗುನುಗಿದರೆ ಏನೋ ಮುಚ್ಚಿಡುತ್ತಿದ್ದಾನೆ. ಸುಮ್ಮನಿದ್ದರೆ ಏನೋ ಹೊಂಚು ಹಾಕುತ್ತಿದ್ದಾನೆ. ಆಚಾರಿ ಊಟಕ್ಕೆ ಕೂತಾಗ ಅವನ ಚೀಲಕ್ಕೂ ಕೈ ಹಾಕಿ ನೋಡಿದ. ಉಳಿ, ಸುತ್ತಿಗೆ, ಎಲೆ ಅಡಿಕೆ ಅಷ್ಟೇ. ಬಲು ಜಾಣ, ಎಂದುಕೊಂಡ.

ಗೋಡೆ ಎದ್ದಿತು, ಮಾಡು ಏರಿತು. ಉಗ್ರಾಣದ ಬಾಗಿಲೊಂದು ಬಾಕಿ. ಒಂದು ಬೆಳಿಗ್ಗೆ ನೋಡಿದರೆ ಉಳಿದಿದ್ದ ನಾಲ್ಕು ತೊಲೆ ಮಾಯ. ಆಚಾರಿಯೂ ಇಲ್ಲ.

ವಿರೂಪಾಕ್ಷ ಯಾರಿಗೂ ಹೇಳದೆ ಆಚಾರಿಯ ಮನೆ ಹುಡುಕಿಕೊಂಡು ಹೋದ. ಹಿತ್ತಲ ಬೇಲಿ ಸಂದಿಯಲ್ಲಿ ಇಣುಕಿದ. ಗೋಣಿಯ ಕೆಳಗೆ ತೊಲೆಗಳು. ಒಂದರ ಮೇಲೆ ತಾನೇ ಹಾಕಿದ್ದ ಗುರುತು.

ಏದುಸಿರು ಬಿಡುತ್ತ ಬಂದ. "ಸಿಕ್ಕಿಬಿದ್ದ, ಗುರುಗಳೇ. ನಮ್ಮ ತೊಲೆ ಅವನ ಹಿತ್ತಲಲ್ಲಿದೆ. ಬೇಲಿ ಸಂದಿಯಿಂದ ಕಣ್ಣಾರೆ ಕಂಡೆ."

"ಅವರನ್ನು ಕೇಳಿದೆಯಾ?"

"ಕಳ್ಳನನ್ನು ಕೇಳಿದರೆ ಹೌದು ಅಂತಾನಾ? ಇವತ್ತೇ ಕೆಲಸ ಬಿಡಿಸಿಬಿಡಿ."

"ಎರಡು ದಿನ ತಡಿ."

ಆ ಎರಡು ದಿನವೂ ಆಚಾರಿ ಬರಲಿಲ್ಲ. ಗುರುಗಳು ತೀರಾ ಸಾಧು ಎಂದು ವಿರೂಪಾಕ್ಷನಿಗೆ ಮರುಕವಾಯಿತು.

ಮೂರನೆಯ ದಿನ ಎತ್ತಿನ ಗಾಡಿಯೊಂದು ಬಂತು. ಅದರಲ್ಲಿ ಚೌಕಟ್ಟು, ಬಾಗಿಲು, ಹಿಂದೆ ಸೈಕಲ್ಲಿನಲ್ಲಿ ಆಚಾರಿ.

"ತಾವು ಒಪ್ಪಿದ ಹಾಗೆ ಮನೇಲೇ ಮಾಡ್ದೆ ಗುರುಗಳೇ. ದೊಡ್ಡ ಸಾಮಾನೆಲ್ಲ ಅಲ್ಲೇ ಇರೋದು."

ಎಲ್ಲರೂ ಕೈಹಚ್ಚಿ ಚೌಕಟ್ಟು ನಿಲ್ಲಿಸಿ ಬಾಗಿಲು ಕೂರಿಸಿದರು. ವಿರೂಪಾಕ್ಷ ತಲೆಯೆತ್ತಿ ನೋಡಿದ. ಮರವೆಲ್ಲ ಕನ್ನಡಿಯ ಹಾಗೆ ನುಣುಪು. ಬಾಗಿಲ ನೆತ್ತಿಯ ನಟ್ಟನಡುವೆ ಮಾತ್ರ ಡಾಂಬರಿನ ಸುತ್ತು ಹಾಗೇ ಉಳಿದಿತ್ತು. ಆಚಾರಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದ.

"ಒಂದ್ ಮಾತು ಕೇಳ್ಲಾ ಸ್ವಾಮಿ?" ಎಂದ ವಿರೂಪಾಕ್ಷನಿಗೆ. "ಆಶ್ರಮದೋರು ಹಾಕಿದ ಗುರುತು ಅಂತ ಒಂದನ್ನಾದ್ರೂ ಉಳಿ ತಾಗಿಸ್ದೆ ಉಳಿಸ್ದೆ. ಇದು ಯಾವ ಮಂತ್ರದ್ದು? ನಮ್ಮ ಬಾಗಿಲಿಗೂ ಒಂದು ಹಾಕಿಕೊಡ್ತೀರಾ?"

ವಿರೂಪಾಕ್ಷ ಗುರುಗಳ ಕಡೆ ನೋಡಿದ. ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು.

"ಮಂತ್ರ ಅಲ್ಲ ಆಚಾರ್ರೇ," ಎಂದ ಕೊನೆಗೆ. "ನೀವು ತೊಲೆ ಬದಲಾಯಿಸ್ತೀರಿ ಅಂತ ನಾನು ಹಾಕಿದ್ದು. ನಿಮ್ಮ ಹಿತ್ತಲಿಗೂ ಬಂದು ಇಣುಕಿದ್ದೆ."

ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

ಆಚಾರಿ ಬೆರಳಿಗಂಟಿದ ಕುಂಕುಮವನ್ನು ಹೆಗಲ ಟವೆಲಿಗೆ ಒರೆಸಿಕೊಂಡ.

"ಅಷ್ಟು ದೂರ ಬಂದೋರು ಒಳಗೆ ಬರಬೋದಿತ್ತು," ಎಂದ. "ಚಾ ಕುಡಿದು ಹೋಗಬೋದಿತ್ತು."

ಗುರುಗಳು ದೊಡ್ಡ ಬೀಗವನ್ನು ತಂದು ಬಾಗಿಲಿಗೆ ತೂಗುಹಾಕಿದರು. ಬೀಗದ ಕೈಯನ್ನು ಆಚಾರಿಯ ಅಂಗೈಯಲ್ಲಿಟ್ಟರು.

"ಇದು ನಿಮ್ಮ ಮನೆಯಲ್ಲೇ ಇರಲಿ, ಆಚಾರ್ರೇ."

"ನಾನು, ಗುರುಗಳೇ?" ಎಂದ ವಿರೂಪಾಕ್ಷ.

"ನೀನು ದಿನಾ ಬೆಳಿಗ್ಗೆ ಹೋಗಿ ಕೇಳಿ ಇಸ್ಕೊಂಡು ಬಾ. ದಾರಿ ನಿನಗೆ ಗೊತ್ತೇ ಇದೆ. ಇನ್ನು ಮೇಲೆ ಮುಂಬಾಗಿಲಿಂದ ಹೋಗು."