ಚಳಿಯ ಟೀ, ಮಳೆಯ ಟೀ

ಬೆಟ್ಟದ ಮೇಲೊಂದು ಮಠ, ಮಠದ ಸುತ್ತ ಇಷ್ಟಗಲ ಟೀ ತೋಟ. ಯುಗಾದಿ ಹತ್ತಿರದ ಮೊದಲ ಕೊಯ್ಲನ್ನು ಗುರುಗಳು ಶಿಷ್ಯ ಮರಿಬಸವನಿಗೆ ಒಪ್ಪಿಸಿದ್ದರು.

ಆ ವರ್ಷ ಚಳಿ ಹೊರಡಲೊಲ್ಲೆ ಅಂತು. ಚಿಗುರು ಕಣ್ಣು ಬಿಟ್ಟಿತೇ ಹೊರತು ಮೇಲೇಳಲಿಲ್ಲ. ಎಲೆ ಕೀಳುವ ಚಿಕ್ಕತಾಯಮ್ಮ ಬುಟ್ಟಿಯ ತಳ ಮುಚ್ಚುವಷ್ಟು ತಂದಳು.

"ಇದೇನಮ್ಮ, ಕೈಯಲ್ಲಿ ಕಿತ್ತೆಯೋ, ಕಣ್ಣಲ್ಲಿ ಕಿತ್ತೆಯೋ?"

"ಗಿಡದಲ್ಲಿದ್ದರೆ ತಾನೇ ಸ್ವಾಮಿ? ಚಳಿ ಬಿಡಲಿ."

"ಚಳಿ ಬಂದು ನಿನ್ನ ಕೈ ಹಿಡಿದುಕೊಂಡಿತ್ತೇನು? ಮೈಗಳ್ಳರಿಗೆ ಇಲ್ಲಿ ಕೆಲಸವಿಲ್ಲ."

ಎಲ್ಲರ ಎದುರೇ ಅಂದ. ಅವಳು ಬುಟ್ಟಿ ಇಳಿಸಿಟ್ಟು, ಸೆರಗು ಕೊಡವಿಕೊಂಡು ಮನೆಗೆ ಹೊರಟುಹೋದಳು.

ಆಮೇಲೆ ಮಳೆ ಬಂತು ನೋಡಿ. ಗಿಡಗಳೆಲ್ಲ ಧಡಕ್ಕನೆ ಎದ್ದು ನಿಂತವು. ಬುಟ್ಟಿ ತುಂಬಿ ಚೆಲ್ಲಿತು.

ಮರಿಬಸವ ಗುರುಗಳ ಹತ್ತಿರ ಬಂದು ಹೇಳಿದ: "ಒಬ್ಬಳನ್ನು ಗದರಿದೆ ಬುದ್ಧಿ, ಎಲ್ಲರ ಕೈಯೂ ಚುರುಕಾಯಿತು."



ಎಲೆ ಬಾಡಿಸಿ, ಉಜ್ಜಿ, ಒಣಗಿಸಿದ್ದಾಯಿತು. ಗುರುಗಳು ಹಾಲು ಬೆರೆಸದ ಟೀ ಎರಡು ಲೋಟ ಅವನ ಮುಂದಿಟ್ಟರು.

"ಕುಡಿ."

ಮೊದಲನೆಯದು ಗಂಟಲಿಳಿದ ಮೇಲೂ ಘಮ ಬಾಯಲ್ಲೇ ಕೂತಿತ್ತು. ಎರಡನೆಯದು ಬರೀ ಬಣ್ಣದ ನೀರು.

"ಈ ಸಪ್ಪೆ ಟೀ ಯಾವುದು ಬುದ್ಧಿ?"

"ನಿನ್ನ ತುಂಬಿದ ಬುಟ್ಟಿಗಳದು. ಮಳೆನೀರು ಕುಡಿದು ಅವಸರಕ್ಕೆ ಉಬ್ಬಿದ ಎಲೆ."

"ಘಮದ್ದು?"

"ಚಳಿಯಲ್ಲಿ ನಿಂತು ನಿಂತು ಬೆಳೆದ ಚಿಗುರು. ಚಿಕ್ಕತಾಯಮ್ಮ ಇಳಿಸಿಟ್ಟು ಹೋದಳಲ್ಲ, ಅದೇ."

ಮರಿಬಸವನ ಕಿವಿ ಬಿಸಿಯಾಯಿತು. ಲೋಟ ಕೆಳಗಿಟ್ಟು ಅಂದ:

"ಚಳಿ ಮಾಡಿದ್ದನ್ನು ಅವಳ ತಲೆಗೆ ಕಟ್ಟಿದೆ. ಮಳೆ ಮಾಡಿದ್ದನ್ನು ನಾನೇ ಮಾಡಿದೆ ಅಂದುಕೊಂಡೆ."

"ಹೂಂ."

"ಯಾವ ಮುಖ ಹೊತ್ತು ಅವಳೆದುರು ನಿಲ್ಲಲಿ ಬುದ್ಧಿ? ಯಾರನ್ನಾದರೂ ಕಳಿಸಿ ಕರೆಸಲೇ?"

"ಬೈಯುವಾಗ ಯಾರ ಬಾಯಿ ಎರವಲು ತಂದಿದ್ದೆ?"

ಅವನು ತಲೆ ತಗ್ಗಿಸಿಕೊಂಡೇ ಎದ್ದ. ಹೊಸ್ತಿಲವರೆಗೆ ಹೋಗಿ ನಿಂತ. ಹೊರಗೆ ಜೋರು ಮಳೆ.

"ಇದೊಂದು ನಿಲ್ಲಲಿ, ಹೋಗ್ತೀನಿ. ಇಲ್ಲವೇ ನಿಮ್ಮ ಛತ್ರಿ ಕೊಡಿ ಬುದ್ಧಿ."

ಗುರುಗಳು ಮೂಲೆಯಲ್ಲಿದ್ದ ಛತ್ರಿ ತೆಗೆದುಕೊಂಡರು. ತಮ್ಮ ಬೆನ್ನ ಹಿಂದೆ ಇಟ್ಟುಕೊಂಡು ಕೂತರು.

"ನೆನೆದುಕೊಂಡೇ ಹೋಗಪ್ಪ. ತಲೆ ಒರೆಸಿಕೊಳ್ಳೋಕೆ ಅವಳೊಂದು ಬಟ್ಟೆ ಕೊಟ್ಟಾಳು."