ಹೊಗೆಕೊಳವೆಗೆ ಬಳಿದ ಬೆಳ್ಳಿಬಣ್ಣ

ಹಳೆಯ ಡೀಸೆಲ್ ಬಸ್ಸು ದಟ್ಟ ಹೊಗೆ ಕಾರಿದಾಗ ಎಂಜಿನ್ನಿನ ಸಿಲಿಂಡರ್ ಹೊಗೆಕೊಳವೆಯನ್ನು ಗದರಿತು: "ಮಾನಗೇಡಿ! ಊರಿಗೆಲ್ಲ ಮಸಿ ಬಳಿಯುತ್ತೀಯಲ್ಲ!"

"ಸ್ವಾಮೀ, ನಾನು ಹೊಗೆಯನ್ನು ಹೊರುವವನು, ಹುಟ್ಟಿಸುವವನಲ್ಲ," ಎಂದಿತು ಕೊಳವೆ. "ತಮ್ಮ ಒಳಗೋಡೆ ಒರಟಾಗಿದೆ. ಅದರ ಗೀರುಗಳಲ್ಲಿ ಅತಿಯಾಗಿ ನಿಂತ ಎಣ್ಣೆಯೇ ಉರಿದು ಹೊಗೆಯಾಗುತ್ತಿದೆ. ದಯಮಾಡಿ ಸಾಣೆಕಲ್ಲಿಗೆ ಮೈಯೊಡ್ಡಿ."

"ನನ್ನ ಒಳಗೋಡೆಯನ್ನು ಯಾರು ನೋಡುತ್ತಾರೆ? ಸಾಣೆಯ ನೋವನ್ನು ನಾನೇಕೆ ತಾಳಲಿ?"

"ನೋಡದಿರಬಹುದು, ಉಸಿರಾಡುತ್ತಾರಲ್ಲ!"

ಹೊಗೆ ತಪಾಸಣೆಯ ದಿನ ಡಿಪೋದವರು ಎಂದಿನಂತೆ ಕೊಳವೆಗೆ ಬೆಳ್ಳಿಬಣ್ಣ ಬಳಿದರು. ಹೊಗೆ ನಿಲ್ಲಲಿಲ್ಲ. ಕೊನೆಗೆ ಕೊಳವೆಯನ್ನೇ ಕಿತ್ತು ಗುಜರಿಗೆಸೆದು ಹೊಸದನ್ನು ಜೋಡಿಸಿದರು. ಬಸ್ಸು ಡಿಪೋದ ಗೇಟು ದಾಟುವ ಮೊದಲೇ ಹೊಸ ಕೊಳವೆಯ ಬಾಯಿಯೂ ಕಪ್ಪಾಯಿತು.

"ಛೀ, ನೀನೂ ಅದೇ ಕುಲದವನೇ!" ಎಂದಿತು ಸಿಲಿಂಡರ್.