ಬಿಚ್ಚದ ಹೊಲಿಗೆ

“ಗುರುಗಳೇ, ಸಿಟ್ಟು ಮಾಡುವುದಿಲ್ಲವೆಂದು ಮೂರು ಸಲ ವ್ರತ ಹಿಡಿದೆ. ಮೂರು ಸಲವೂ ಯಾರಾದರೊಬ್ಬರು ಬಂದು ಅದನ್ನು ಮುರಿದು ಹೋದರು. ಯಾರ ಕೈಯಲ್ಲೂ ಮುರಿಯಲಾಗದಂಥ ಗಟ್ಟಿ ವ್ರತ ಯಾವುದು?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಆ ಊರಿನಿಂದ ಕೊಲ್ಲಿ ದಾಟಿದರೆ ಜೂಜಿನ ನಗರ. ದೋಣಿಯಲ್ಲಿ ಅರ್ಧ ದಿನದ ದಾರಿ, ದಡ ಬಳಸಿ ನಡೆದರೆ ಐದು ದಿನ. ಹೋಗುವಾಗ ಎಲ್ಲರೂ ದೋಣಿಯಲ್ಲಿ ಹೋಗುತ್ತಿದ್ದರು, ಬರುವಾಗ ಕೈ ಬರಿದಾಗಿ ನಡೆದು ಬರುತ್ತಿದ್ದರು. ನೋಡಿ ನೋಡಿ ದರ್ಜಿ ಒಂದು ಉಪಾಯ ಮಾಡಿದ. ಹೊರಟವರ ಅಂಗಿಯ ಒಳಮಗ್ಗುಲಲ್ಲಿ ಬಾಯಿಲ್ಲದ ಜೇಬು ಹೊಲಿದು, ವಾಪಸು ದೋಣಿಗೆ ಬೇಕಾದ ಒಂದು ನಾಣ್ಯವನ್ನು ಅದರೊಳಗೆ ಮುಚ್ಚಿಬಿಡುತ್ತಿದ್ದ. ದೋಣಿ ಹತ್ತುವಾಗ ಅಂಬಿಗನೇ ಅದನ್ನು ಬಿಚ್ಚಿ ತೆಗೆದುಕೊಳ್ಳಬೇಕೆಂಬುದು ಮಾತು.

ಹಾಗೆ ಹೋದವರೂ ನಡೆದೇ ಬಂದರು. ಅವನ ತಂಗಿಯ ಗಂಡ ಕಾಲು ಊದಿಸಿಕೊಂಡು ಬಂದು, “ನಿಮ್ಮ ಹೊಲಿಗೆ ಬಿಚ್ಚಿಕೊಂಡಿತು ಭಾವ, ನಾಣ್ಯ ಎಲ್ಲೋ ಬಿದ್ದುಹೋಯಿತು” ಎಂದ. ದರ್ಜಿಗೆ ಮುಖಕ್ಕೆ ಹೊಡೆದಂತಾಯಿತು. ಎರಡೆಳೆ ದಾರ ಹಾಕಿದ, ದಾರಕ್ಕೆ ಮೇಣ ತಿಕ್ಕಿದ. ಆದರೂ ಬಂದವರೆಲ್ಲರ ಬಾಯಲ್ಲೂ ಅದೇ ಮಾತು. ಊರಿನವರು ಮದುವೆಯ ಬಟ್ಟೆಗಳನ್ನು ಪಕ್ಕದೂರಿನ ದರ್ಜಿಗೆ ಕೊಡತೊಡಗಿದರು. ಇವನಿಗೆ ತಲೆಬುಡ ತಿಳಿಯಲಿಲ್ಲ. ತಾನು ಹೊಲಿದ ಜೇಬನ್ನು ತೊಲೆಗೆ ಕಟ್ಟಿ, ಜೋತುಬಿದ್ದು ನೋಡಿದ. ಬಟ್ಟೆ ಹರಿಯಿತು, ಹೊಲಿಗೆ ಬಿಡಲಿಲ್ಲ.

ಕೊನೆಗೆ ತನ್ನ ಅಂಗಿಗೂ ಅಂಥದೇ ಜೇಬು ಹೊಲಿದುಕೊಂಡು ತಾನೇ ಹೊರಟ.

“ಅಲ್ಲಿ ಯಾವ ಆಟವನ್ನೂ ಮುಟ್ಟಬೇಡಿ” ಎಂದಳು ಹೆಂಡತಿ.

“ನಾನೇನು ಆಡಲಿಕ್ಕೆ ಹೋಗುತ್ತಿದ್ದೇನೆಯೇ? ಹೊಲಿಗೆಯ ಮಾನ ಉಳಿಸಲಿಕ್ಕೆ ಹೋಗುತ್ತಿದ್ದೇನೆ” ಎಂದ.

ಆ ನಗರ ಅವನಿಗೆ ಅರ್ಥವೇ ಆಗಲಿಲ್ಲ. ಛತ್ರದಲ್ಲಿ ಊಟಕ್ಕೆ ಹಣ ಕೇಳಲಿಲ್ಲ, ಹಾಸಿಗೆಗೂ ಕೇಳಲಿಲ್ಲ. ಆದರೆ ಊಟದ ಮನೆಗೆ ಹೋಗಲು ಆಟದ ಮಂಟಪ ದಾಟಬೇಕು, ಸ್ನಾನಕ್ಕೆ ಹೋಗಲೂ ಅದನ್ನೇ ದಾಟಬೇಕು. ಹೊರಗೆ ಹೋಗುವ ದಾರಿ ಕೇಳಿದರೆ ಒಳಕ್ಕೆ ಕೈ ತೋರಿಸಿದರು. ಮಂಟಪಕ್ಕೆ ಕಿಟಕಿಯೇ ಇಲ್ಲ, ಬೆಳಗೋ ಸಂಜೆಯೋ ತಿಳಿಯುವಂತಿಲ್ಲ. ಅದರ ಬಾಗಿಲಲ್ಲಿ ಹತ್ತು ಹನ್ನೆರಡು ಮಂದಿ ಕತ್ತರಿ ಹಿಡಿದು ಚಾಪೆ ಹಾಸಿ ಕೂತಿದ್ದರು. ಅವರ ಎದುರು ಒಂದು ತುಂಡು ಹೊಸ ಬಟ್ಟೆಯೂ ಇರಲಿಲ್ಲ. ಇವರು ಎಂಥ ದರ್ಜಿಗಳಪ್ಪ ಎಂದುಕೊಂಡ.

ಅಷ್ಟರಲ್ಲಿ ಒಬ್ಬ ಒಳಗಿನಿಂದ ಓಡಿಬಂದು, ಅಂಗಿ ಕಳಚಿ ಒಬ್ಬ ಮುದುಕನ ತೊಡೆಯ ಮೇಲೆ ಎಸೆದು, ಬೇಗ ಬಿಚ್ಚು ಎಂದು ಗೋಗರೆದ. ದರ್ಜಿ ಬಗ್ಗಿ ನೋಡಿದ. ಬಾಯಿಲ್ಲದ ಜೇಬು. ತನ್ನದೇ ಹೊಲಿಗೆ.

“ಇದನ್ನು ಹೊಲಿದ ಕೈಗೆ ದೊಡ್ಡ ನಮಸ್ಕಾರ” ಎಂದ ಮುದುಕ. “ಬಿಚ್ಚುವಷ್ಟರಲ್ಲಿ ನನ್ನ ಉಗುರೇ ಕಿತ್ತು ಬರುತ್ತದೆ. ತಾನಾಗಿ ಬಿಚ್ಚಿಕೊಂಡದ್ದು ಒಂದನ್ನೂ ನಾನು ಕಂಡಿಲ್ಲ.”

ದರ್ಜಿಯ ಎದೆ ತುಂಬಿ ಬಂತು. ಗುಟ್ಟು ತಿಳಿಯಿತು, ಮಾನ ಉಳಿಯಿತು. ನೇರ ಹೋಗಿ ದೋಣಿ ಹತ್ತುವುದಷ್ಟೇ ಬಾಕಿ. ದೋಣಿಗೆ ಹೋಗುವ ದಾರಿಯೂ ಮಂಟಪದೊಳಗಿಂದಲೇ ಇತ್ತು. ಇಷ್ಟು ಸಂತೋಷದ ದಿನ ಒಂದೇ ಒಂದು ಆಟ ಆಡಿದರೆ ಏನು ಮುಳುಗಿಹೋಗುತ್ತದೆ ಎಂದುಕೊಂಡ. ಆಡಿದ, ಗೆದ್ದ. ಇನ್ನೊಂದು ಆಡಿದ. ಯಾವಾಗಿನಿಂದ ಸೋಲತೊಡಗಿದನೋ ಅವನಿಗೇ ತಿಳಿಯಲಿಲ್ಲ. ಚೀಲ ಬರಿದಾದ ಮೇಲೆ ಬಾಗಿಲಿಗೆ ಬಂದು, ಅಂಗಿ ಕಳಚಿ, ಮುದುಕನ ಮುಂದೆ ಕೂತ. ಬಿಚ್ಚುವುದಕ್ಕೆ ಕೊಡಲಿಲ್ಲ, ಕತ್ತರಿಯನ್ನಷ್ಟೇ ಕೇಳಿ ತೆಗೆದುಕೊಂಡ. ಯಾವ ಗಂಟು ಎಲ್ಲಿದೆ ಎಂಬುದು ಅವನ ಬೆರಳಿಗೆ ಗೊತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ನಾಣ್ಯ ಕೈಗೆ ಬಂತು. ಮುದುಕ ಆ ಬೆರಳುಗಳನ್ನೇ ನೋಡಿದ. ಆಮೇಲೆ ಎದ್ದು ನಿಂತು ಅವನಿಗೆ ಕೈ ಮುಗಿದ.

ಆ ನಾಣ್ಯವೂ ಹೋಯಿತು. ದರ್ಜಿ ಐದು ದಿನ ನಡೆದು ಊರು ಸೇರಿದ. ತಂಗಿಯ ಗಂಡನೂ ಊರಿನ ನಾಲ್ಕು ಜನರೂ ಸುದ್ದಿ ಕೇಳಲು ಜಗಲಿಯಲ್ಲಿ ಕೂತಿದ್ದರು. ಹೆಂಡತಿ ಊದಿದ ಕಾಲಿಗೆ ಬಿಸಿನೀರು ಹಾಕುತ್ತ, “ನಡೆದು ಬಂದಿರಲ್ಲ, ಏನಾಯಿತು?” ಎಂದು ಕೇಳಿದಳು. ದರ್ಜಿ ಎಲ್ಲರ ಮುಖವನ್ನೂ ಒಮ್ಮೆ ನೋಡಿದ.

“ಹೊಲಿಗೆ ಬಿಚ್ಚಿಕೊಂಡಿತು” ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಗಲಿಬಿಲಿಯಾಯಿತು. ಹೊಲಿಗೆ ಗಟ್ಟಿಯೇ ಇತ್ತು, ದರ್ಜಿ ಕೆಟ್ಟವನಲ್ಲ, ಮುದುಕನೂ ಯಾರನ್ನೂ ಕೈಹಿಡಿದು ಎಳೆದವನಲ್ಲ. “ಆ ಕತ್ತರಿಯವರನ್ನು ಬಾಗಿಲಿಂದ ಓಡಿಸಬೇಕಿತ್ತು, ಅಲ್ಲವೇ ಗುರುಗಳೇ?” ಎಂದ.

“ಕತ್ತರಿಯವರು ದಾರಿಯುದ್ದಕ್ಕೂ ಕೂತಿರುತ್ತಾರೆ, ಮೂರು ಸಲವೂ ಅಂಗಿ ಕಳಚಿ ಅವರ ಮುಂದೆ ಕೂತವರು ಯಾರಪ್ಪ?” ಎಂದರು ಗುರುಗಳು.